ಪಿರ ಪೋಲೆ

ಮುಡಿಪು ಲೈನಿನ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ
ಜನರನ್ನು ಹಿಂದೆ ಕಳಿಸಿದವನು ನಾನು.
ಸ್ಟೇಟ್‌ಬ್ಯಾಂಕ್ ಬಿಟ್ಟು ಜ್ಯೋತಿ ಮುಟ್ಟುವಾಗಲೇ ಭರ್ತಿ,
ಕಂಕನಾಡಿಯಲ್ಲಿ ಇನ್ನೂ ಹತ್ತು ಜನ ಕೈ ಅಡ್ಡ ಹಿಡಿದಿರುತ್ತಾರೆ.
ಪಿರ ಪೋಲೆ, ಪಿರ ಪೋಲೆ,
ಹಿಂದೆ ಮದುವೆ ಚಪ್ಪರ ಹಾಕುವಷ್ಟು ಜಾಗ ಉಂಟು!
ಸುಳ್ಳು. ಆದರೂ ಹೇಗೋ ಆಗುತ್ತದೆ.
ಒಬ್ಬ ಮೊಣಕೈ ಮಡಚುತ್ತಾನೆ,
ಒಬ್ಬಳು ಬೆನ್ನಿನ ಬ್ಯಾಗನ್ನು ಎದೆಗೆ ತರುತ್ತಾಳೆ,
ಹತ್ತೂ ಜನ ಒಳಗೆ. ರೈಟ್ ಪೋಯಿ.

ಇಷ್ಟು ಮಂದಿಗೆ ಜಾಗ ಮಾಡಿದವನ ಹೊಟ್ಟೆಯಲ್ಲಿ
ಅರ್ಧ ನೀರುದೋಸೆಗೆ ಜಾಗವಿಲ್ಲ.

ಎರಡನೇ ತುತ್ತಿಗೆ ಎದೆಗೂಡಿನ ಕೆಳಗೆ ಯಾರೋ
ಅಂಗೈ ಒತ್ತಿ ಸಾಕು ಅನ್ನುತ್ತಾರೆ.
ಅಕ್ಕನ ಮಗಳ ನಿಶ್ಚಯದ ದಿನ ಕೋರಿರೊಟ್ಟಿಯೆದುರು
ಬೆವರು ಒರೆಸುತ್ತ ಕೂತಿದ್ದೆ.
ಭಾವ ಕೇಳಿದ: ನಮ್ಮನೆ ಊಟ ಆಗುವುದಿಲ್ವಾ ನಿನಗೆ?
ಅಕ್ಕ ಮಾತಾಡಲಿಲ್ಲ,
ಸಾರು ಇನ್ನೊಂದು ಸೌಟು ಸುರಿದಳು.

ಓಮದ ನೀರು, ಪುನರ್ಪುಳಿ, ಸುಟ್ಟ ಬೆಳ್ಳುಳ್ಳಿ,
ಅತ್ತಾವರದ ಗುಳಿಗೆ, ಬಿಕರ್ನಕಟ್ಟೆಯ ಗುಳಿಗೆ.
ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರು:
ಏನೂ ಇಲ್ಲ, ಕ್ಲೀನ್ ಉಂಟು.
ಏನೂ ಇಲ್ಲದ್ದಕ್ಕೆ ಮೂರು ಸಾವಿರದ ಇನ್ನೂರು.
ಏನಾದರೂ ಇರಬಾರದಿತ್ತಾ ಅಂತ
ಬಿಲ್ಲು ಮಡಚುವಾಗ ಅನ್ನಿಸಿದ್ದನ್ನು
ಹೆಂಡತಿಗೆ ಇವತ್ತಿನವರೆಗೆ ಹೇಳಿಲ್ಲ.

ಕೊನೆಗೆ ಸಿಕ್ಕಿದವಳು ನನ್ನ ಮಗಳ ಪ್ರಾಯದ ಡಾಕ್ಟರು.
ಐದೈದು ನಿಮಿಷಕ್ಕೊಂದು ಸಣ್ಣ ಲೋಟ
ಸಿಹಿ ಹಾಲಿನಂಥದ್ದು ಕುಡಿಸಿ
ಇನ್ನು ಆಗುತ್ತದಾ, ಇನ್ನು ಆಗುತ್ತದಾ ಅನ್ನುತ್ತ
ಕಾಗದದಲ್ಲಿ ಗೆರೆ ಎಳೆದಳು.
ಬೇರೆಯವರು ಏಳೆಂಟರವರೆಗೆ ಹೋಗುತ್ತಾರಂತೆ.
ನಾನು ಮೂರಕ್ಕೆ ಕೈ ಎತ್ತಿದೆ.

ಹೊಟ್ಟೆ ಗೋಣಿಚೀಲ ಅಲ್ಲ ದೂಮಪ್ಪಣ್ಣ,
ತುರುಕಿದ ಮೇಲೆ ಉಬ್ಬಲಿಕ್ಕೆ.
ಅದು ಮೊದಲು ಸಡಿಲಾಗುತ್ತದೆ, ಮತ್ತೆ ತುಂಬುತ್ತದೆ.
ತುತ್ತು ಇನ್ನೂ ಗಂಟಲಲ್ಲಿರುವಾಗಲೇ
ಒಂದು ನರ ಸುದ್ದಿ ಮುಟ್ಟಿಸುತ್ತದೆ: ಬರುವವರಿದ್ದಾರೆ.
ಮೇಲಿನ ಅರ್ಧ, ಉಸಿರು ಬಿಟ್ಟ ಹಾಗೆ, ಮೆತ್ತಗಾಗುತ್ತದೆ.
ಒಳಗೆ ಒತ್ತಡ ಏರುವುದಿಲ್ಲ,
ಉಂಡವನಿಗೆ ಗೊತ್ತೇ ಆಗುವುದಿಲ್ಲ.
ನಿಮ್ಮದು ಮುಷ್ಟಿ ಬಿಚ್ಚುವುದಿಲ್ಲ.
ಬಂದದ್ದೆಲ್ಲ ಕೆಳಗಿನ ಬಾಗಿಲಲ್ಲೇ ಗುಂಪುಗಟ್ಟುತ್ತದೆ.

ಫುಟ್‌ಬೋರ್ಡ್, ಅಂದೆ.
ನಕ್ಕಳು. ಅದೇ.

ಮನಸ್ಸಿಗೇನಾದರೂ ಉಂಟಾ, ಕೇಳಿದಳು ಮತ್ತೆ.
ಎರಡು ವರ್ಷದ ಬೋನಸ್ಸು ನುಂಗಿದ ಧಣಿ
ಹೆಗಲಿಗೆ ಕೈ ಹಾಕಿ ಅಂದಿದ್ದ,
ಹೊಟ್ಟೆಗೆ ಹಾಕಿಕೋ ಮಾರಾಯ.
ಹಾಕಿಕೊಂಡೆ.
ಎರಡು ರೂಪಾಯಿ ಚಿಲ್ಲರೆಗೆ ಕೆನ್ನೆಗೆ ಬಾರಿಸಿದ ಇಸ್ತ್ರಿ ಅಂಗಿಯವನನ್ನೂ,
ಪಂಪ್‌ವೆಲ್ಲಿನಲ್ಲಿ ನಲವತ್ತು ಜನರೆದುರು ನನ್ನನ್ನು
ಕಳ್ಳ ಅಂದ ಚೆಕ್ಕಿಂಗ್‌ನವನನ್ನೂ.
ಅನ್ನಕ್ಕಿಂತ ಮೊದಲು ಹತ್ತಿ
ಇವರೆಲ್ಲ ಸೀಟು ಹಿಡಿದಿದ್ದಾರೋ ಏನೋ.
ಇಲ್ಲ ಡಾಕ್ಟ್ರೆ, ಅಂದೆ.
ಬರೆದುಕೊಂಡಳು: ಇಲ್ಲ.

ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ.
ಸ್ವಲ್ಪ ಸ್ವಲ್ಪ, ಆರು ಸಲ, ನಿಧಾನ.
ನಿಧಾನವಂತೆ!
ಎರಡು ನಿಮಿಷ ಲೇಟಾದರೆ ಹಿಂದಿನ ಬಸ್ಸಿನವನು
ಟೈಮ್‌ಕೀಪರನ ಮುಂದೆ ಕಾಲರ್ ಹಿಡಿಯುವ ಲೈನಿನಲ್ಲಿ.

ಇವತ್ತು ಕೊನೆಯ ಟ್ರಿಪ್ಪು.
ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ
ಖಾಲಿ ಮೀನುಬುಟ್ಟಿಯ ಮುದುಕಿ ಹತ್ತಿದಳು.
ನಾನು ಬಾಯಿ ತೆರೆಯುವ ಮೊದಲೇ
ಕಂಬ ಹಿಡಿದಿದ್ದ ಹುಡುಗ ಅರ್ಧ ಹೆಜ್ಜೆ ಸರಿದ,
ಅವನಾಚೆಯವನು ಕಾಲು ಹೆಜ್ಜೆ,
ಹಾಗೇ ಹಿಂದಿನ ಕಿಟಕಿಯವರೆಗೆ ಒಂದು ಸಡಿಲು ಹೋಯಿತು.
ಬಸ್ಸು ಇದ್ದಷ್ಟೇ ಇತ್ತು.

ಮುಡಿಪಿನಲ್ಲಿ ಎಂಜಿನ್ ಆರಿದ ಮೇಲೆ
ಹಿಂದಿನ ಸೀಟಿನಲ್ಲಿ ಡಬ್ಬಿ ಬಿಚ್ಚಿದೆ.
ಕುಚ್ಚಲಕ್ಕಿ ಅನ್ನ, ಒಂದು ತುಂಡು ಬಂಗುಡೆ.
ಸೀಟಿ ಊದದೆ, ಮೆಲ್ಲ, ಒಳಗಿನವರಿಗೆ ಹೇಳಿದೆ:
ಪಿರ ಪೋಲೆ.

ಏಳನೇ ತುತ್ತಿಗೆ ಸಾಕು ಅಂದಿತು.
ನಿನ್ನೆ ಆರಕ್ಕೇ ಅಂದಿತ್ತು.